ಚನ್ನಮ್ಮನ ಸಮಾಧಿ ಬಳಿ ಅರ್ಧ ಗಂಟೆ

ಇಂಟರ್ನ್‌ಶಿಪ್‌ಗೆ ಹಾಕಿದ ಆರನೇ ಅರ್ಜಿಯೂ ತಿರಸ್ಕಾರವಾದ ದಿನ ಬೆಳಗಾವಿಯಿಂದ ನೇರವಾಗಿ ಸವದತ್ತಿಯ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬೈಲಹೊಂಗಲದಲ್ಲೇ ಬಸ್ ಇಳಿದು ರಾಣಿ ಚನ್ನಮ್ಮನ ಸಮಾಧಿ ಬಳಿ ಕುಳಿತೆ. ಇಂಟರ್ನ್‌ಶಿಪ್ ಮುಗಿಸದಿದ್ದರೆ ಬಿ.ಕಾಂ. ಪದವಿಯೇ ಇಲ್ಲ. ಅಪ್ಪನಿಗೆ ಇನ್ನೂ ಹೇಳಿರಲಿಲ್ಲ.

ಶಾಲೆಯಲ್ಲಿ ಕೇಳಿದ್ದೆಲ್ಲ ಆಕೆಯ ಕತ್ತಿಯ ಕಥೆ. ಕತ್ತಿಗೆ ಮೊದಲು ಪತ್ರವಿತ್ತು ಎಂಬುದು ನೆನಪಾದದ್ದು ಅಲ್ಲಿ ಕುಳಿತಾಗಲೇ. ಕಾಕತಿಯಲ್ಲಿ ಹುಟ್ಟಿದ ಚನ್ನಮ್ಮ ಕಿತ್ತೂರಿನ ಮಲ್ಲಸರ್ಜನ ಮಡದಿ. 1816ರಲ್ಲಿ ಗಂಡ ತೀರಿಕೊಂಡ. 1824ರಲ್ಲಿ ಪಟ್ಟದಲ್ಲಿದ್ದ ಶಿವಲಿಂಗರುದ್ರಸರ್ಜನೂ ಹೋದ. ದತ್ತು ಪಡೆದ ಹುಡುಗನನ್ನು ವಾರಸುದಾರನೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ. ಆಕೆ ಸುಮ್ಮನಾಗದೆ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದಳು. ಅಲ್ಲಿಯೂ ಫಲ ಸಿಗಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಇನ್ನೂ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಇದೇ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ಆಕೆ ಕಣ್ಣು ಮುಚ್ಚಿದಳು.

ರಾಜ್ಯ ಕಳೆದುಕೊಂಡವಳ ಎದುರು ಆರು ಇಮೇಲ್‌ಗಳ ದುಃಖ ಹೇಳಿಕೊಳ್ಳಲು ನಾಚಿಕೆಯೇ ಆಯಿತು. ಆದರೆ ಒಂದು ವಿಷಯ ಚುಚ್ಚಿತು. ಒಂದು ಬಾಗಿಲು ಮುಚ್ಚಿದಾಗ ಆಕೆ ಅದಕ್ಕಿಂತ ದೊಡ್ಡ ಬಾಗಿಲು ತಟ್ಟಿದಳು. ನಾನೋ, ಆರೂ ಕಡೆ ಅದೇ ಬಯೋಡೇಟಾ, ಅದೇ ಒಕ್ಕಣೆ, ಕಂಪನಿಯ ಹೆಸರಷ್ಟೇ ಬದಲಿಸಿ ಕಳಿಸಿದ್ದೆ. ಒಂದು ಕಡೆ ಅದನ್ನೂ ಬದಲಿಸಲು ಮರೆತಿದ್ದೆ!

ಸವದತ್ತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮೊದಲು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಮೇಲೆ ರಾಮದುರ್ಗದ ಆಡಿಟರ್ ಒಬ್ಬರಿಗೆ ಏಳನೇ ಅರ್ಜಿಯನ್ನು ಹೊಸದಾಗಿ, ಮೊದಲ ಸಾಲಿನಿಂದ ಬರೆಯತೊಡಗಿದೆ.