ಗಂಟೆ ಕಟ್ಟಿದ ಅಯೋಡಿನ್ ಮತ್ತು ಹೋಮಿ ಭಾಭಾ

ಮಕ್ಕಳೇ, ಸುಳ್ಯ, ಕಡಬದ ಕಡೆ ದನಗಳನ್ನು ಗುಡ್ಡೆಗೆ ಮೇಯಲು ಬಿಡುವಾಗ ಕೊರಳಿಗೆ ಗಂಟೆ ಕಟ್ಟುವುದನ್ನು ನೀವು ನೋಡಿರಬಹುದು. ಕಾಡಿನ ಮರೆಯಲ್ಲಿ ದನ ಕಾಣಿಸದಿದ್ದರೂ ಗಂಟೆಯ ಸದ್ದಿನಿಂದ ಅದು ಎಲ್ಲಿದೆ ಎಂದು ತಿಳಿಯುತ್ತದೆ. ನಮ್ಮ ದೇಹದೊಳಗೆ ಹೋದ ಔಷಧಕ್ಕೂ ಹೀಗೆ ಗಂಟೆ ಕಟ್ಟಬಹುದೇ? ಕಟ್ಟಬಹುದು. ಪುತ್ತೂರಿನವರೊಬ್ಬರು ಥೈರಾಯ್ಡ್ ತೊಂದರೆಗೆಂದು ಮಂಗಳೂರು ಅಥವಾ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋದರೆ, ಅಲ್ಲಿ ಅಂಥ ಔಷಧ ಕೊಡುವುದುಂಟು. ಅದನ್ನು ನಮ್ಮ ದೇಶದಲ್ಲೇ ತಯಾರಿಸಲು ದಾರಿ ಮಾಡಿದವರು ಹೋಮಿ ಜಹಾಂಗೀರ್ ಭಾಭಾ.

ಭಾಭಾ 1909ರ ಅಕ್ಟೋಬರ್ 30ರಂದು ಮುಂಬೈಯಲ್ಲಿ ಹುಟ್ಟಿದರು. ಮಗ ಎಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆ. ಭಾಭಾ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಆ ಓದನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ, ಆಮೇಲೆ ತಮಗಿಷ್ಟವಾದ ಭೌತವಿಜ್ಞಾನಕ್ಕೆ ತಿರುಗಿದರು. 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಶುರುವಾಯಿತು. ಹಿಂದಿರುಗುವಂತಿರಲಿಲ್ಲ. ಆಗ ಅವರಿಗೆ ಜಾಗ ಕೊಟ್ಟದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಸರ್ ಸಿ. ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗದಲ್ಲಿ ಭಾಭಾ ಕೆಲಸಕ್ಕೆ ಸೇರಿದರು.

ಅಲ್ಲಿ ಅವರು ಹಿಡಿದದ್ದು ವಿಶ್ವಕಿರಣಗಳ ಬೆನ್ನು. ಇವು ಆಕಾಶದಿಂದ ನಮ್ಮೆಲ್ಲರ ಮೇಲೂ ಸದಾ ಬೀಳುತ್ತಿರುತ್ತವೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ಎಣಿಸುವುದು ಹೇಗೆ? ಗೈಗರ್ ಕೊಳವೆಯೊಳಗೆ ಕಿರಣ ಹಾದುಹೋದರೆ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಆ ಮಿಡಿತಗಳನ್ನು ಎಣಿಸಿದರಾಯಿತು. ಇಂಥ ಉಪಕರಣಗಳನ್ನು ವಿಮಾನದಲ್ಲಿ ಎತ್ತರಕ್ಕೆ ಒಯ್ದೂ ಭಾಭಾ ತಂಡ ಅಳತೆ ಮಾಡಿತು.

ಈಗ ಗಂಟೆಯ ವಿಚಾರಕ್ಕೆ ಬರೋಣ. ಅಯೋಡಿನ್ ಪರಮಾಣುವಿನ ಬೀಜಕೇಂದ್ರದಲ್ಲಿ 53 ಪ್ರೋಟಾನುಗಳಿರುತ್ತವೆ. ನಿಮ್ಮ ಮನೆಯ ಉಪ್ಪಿನಲ್ಲಿರುವ ಅಯೋಡಿನ್ನಿನಲ್ಲಿ ಅದರ ಜೊತೆಗೆ 74 ನ್ಯೂಟ್ರಾನುಗಳಿವೆ. ಒಟ್ಟು 127. ನ್ಯೂಟ್ರಾನುಗಳು 78 ಇದ್ದರೆ ಅದು ಅಯೋಡಿನ್-131. ಇವೆರಡೂ ಒಂದೇ ಧಾತುವಿನ ಐಸೋಟೋಪುಗಳು, ಅಂದರೆ ಸಮಸ್ಥಾನಿಗಳು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಗೆ ಇವುಗಳ ವ್ಯತ್ಯಾಸ ತಿಳಿಯದು. ಎರಡನ್ನೂ ಹೀರಿಕೊಳ್ಳುತ್ತದೆ. ಆದರೆ 131 ಅಸ್ಥಿರ. ಅದು ವಿಕಿರಣ ಸೂಸುತ್ತದೆ. ಅದರ ಗಾಮಾ ಕಿರಣ ದೇಹದಿಂದ ಹೊರಬಂದು ಯಂತ್ರಕ್ಕೆ ಸುಳಿವು ಕೊಡುತ್ತದೆ, ಅದೇ ಗಂಟೆ. ಬೀಟಾ ಕಣಗಳಾದರೋ ಒಂದೆರಡು ಮಿಲಿಮೀಟರ್ ಮಾತ್ರ ಸಾಗಿ, ಅಲ್ಲಿನ ರೋಗದ ಕೋಶಗಳನ್ನು ನಾಶಮಾಡುತ್ತವೆ. ಇಂಥ ಗಂಟೆಯನ್ನು ಜೀವಿಗಳಲ್ಲಿ ಮೊದಲು ಬಳಸಿದವರು ಹಂಗೆರಿಯಲ್ಲಿ ಹುಟ್ಟಿದ ಹೆವೆಶಿ. 1923ರಲ್ಲಿ ಅವರು ಹುರುಳಿಕಾಯಿ ಜಾತಿಯ ಗಿಡಕ್ಕೆ ವಿಕಿರಣಶೀಲ ಸೀಸ ಉಣಿಸಿ ಅದರ ದಾರಿ ಹುಡುಕಿದ್ದರು.

ಇದರಲ್ಲಿ ಒಂದು ಕಷ್ಟವಿದೆ. ಈ ಔಷಧ, ಒಳ್ಳೆಯ ಧಾರಣೆ ಬರಲಿ ಎಂದು ಅಟ್ಟದಲ್ಲಿ ಕೂಡಿಡುವ ಅಡಿಕೆಯಲ್ಲ. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. ಇಂದು 64 ಪಾಲು ಇದ್ದರೆ ಎಂಟು ದಿನಕ್ಕೆ 32, ಹದಿನಾರು ದಿನಕ್ಕೆ 16. ದೂರದೇಶದಿಂದ ಹಡಗಿನಲ್ಲಿ 32 ದಿನ ಬಂದರೆ ಎಷ್ಟು ಉಳಿಯುತ್ತದೆ? ನೀವೇ ಲೆಕ್ಕ ಹಾಕಿ. ನಾವೇ ತಯಾರಿಸಬೇಕಾದರೆ ಪರಮಾಣು ಸ್ಥಾವರ ಬೇಕು.

1945ರಲ್ಲಿ ಭಾಭಾ ಬೆಂಗಳೂರಿನಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷ ಅದು ಮುಂಬೈಗೆ ಹೋಯಿತು. (ನಮಗೆ ಸ್ವಲ್ಪ ನಷ್ಟವೇ!) 1948ರಲ್ಲಿ ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 1956ರ ಆಗಸ್ಟ್ 4ರಂದು ಮುಂಬೈ ಬಳಿಯ ಟ್ರಾಂಬೆಯಲ್ಲಿ ಮೊದಲ ಸ್ಥಾವರ ಕೆಲಸ ಶುರುಮಾಡಿತು. ಕೊಳದ ನೀರಿನೊಳಗೆ ಅದು ಚೆಂದದ ನೀಲಿ ಬೆಳಕು ಬೀರುತ್ತಿತ್ತು. ಪ್ರಧಾನಿ ನೆಹರು ಅದಕ್ಕೆ ಅಪ್ಸರಾ ಎಂದು ಹೆಸರಿಟ್ಟರು. ಅಲ್ಲಿ ಐಸೋಟೋಪುಗಳ ತಯಾರಿ ಮೊದಲಾಯಿತು. 1963ರಲ್ಲಿ ಮುಂಬೈಯಲ್ಲಿ ವಿಕಿರಣ ವೈದ್ಯಕೀಯ ಕೇಂದ್ರವೂ ಬಂದಿತು.

ವಿಕಿರಣ ಆಟದ ವಸ್ತುವಲ್ಲ. ಹೆಚ್ಚಾದರೆ ಒಳ್ಳೆಯ ಕೋಶಗಳನ್ನೂ ಕೊಲ್ಲುತ್ತದೆ. ಆದ್ದರಿಂದಲೇ ಈ ಔಷಧವನ್ನು ಸೀಸದ ಡಬ್ಬಿಯಲ್ಲಿ ತರುತ್ತಾರೆ, ಹೆಚ್ಚು ಪ್ರಮಾಣದಲ್ಲಿ ಪಡೆದ ರೋಗಿಯನ್ನು ಕೆಲವು ದಿನ ಬೇರೆ ಕೋಣೆಯಲ್ಲಿ ಇರಿಸುತ್ತಾರೆ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ಕೈಗಾ ಅಣುವಿದ್ಯುತ್ ಸ್ಥಾವರವನ್ನು ಬಲವಾಗಿ ವಿರೋಧಿಸಿದ್ದರು ಎಂಬುದನ್ನೂ ನೀವು ತಿಳಿದಿರಬೇಕು.

1966ರ ಜನವರಿ 24ರಂದು ಭಾಭಾ ವಿಯೆನ್ನಾದ ಸಭೆಗೆ ಹೊರಟಿದ್ದರು. ಅವರಿದ್ದ ವಿಮಾನ ಆಲ್ಪ್ಸ್ ಪರ್ವತದ ಮೋಂಟ್ ಬ್ಲಾಂಕ್ ಶಿಖರಕ್ಕೆ ಬಡಿಯಿತು. ಆಗ ಅವರಿಗೆ 56 ವರ್ಷ. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಅವರ ಹೆಸರಿಟ್ಟರು. ಹಳೆಯ ಅಪ್ಸರಾ 2009ರಲ್ಲಿ ನಿಂತಿತು. ಆಸ್ಪತ್ರೆಗಳಿಗೆ ಇನ್ನಷ್ಟು ಐಸೋಟೋಪು ಒದಗಿಸಲೆಂದು 2018ರ ಸೆಪ್ಟೆಂಬರ್‌ನಲ್ಲಿ ಟ್ರಾಂಬೆಯಲ್ಲಿ ಹೊಸ ಅಪ್ಸರಾ ಉರಿಯತೊಡಗಿತು.