ಐನ್‌ಸ್ಟೈನ್ ಜೊತೆ ವಾದಕ್ಕೆ ಕೂತ ಕವಿ

ರವೀಂದ್ರನಾಥ ಠಾಗೋರ್ ಅಂದ್ರೆ ನಮಗೆಲ್ಲ ನೆನಪಾಗೋದು ರಾಷ್ಟ್ರಗೀತೆ, ಗೀತಾಂಜಲಿ, 1913ರ ನೊಬೆಲ್, ಬಿಳಿ ಗಡ್ಡ. ಆದರೆ ಎಂಜಿನಿಯರಿಂಗ್ ಓದುತ್ತಿರುವ ನಾವು ತಿಳಿಯಬೇಕಾದ ಇನ್ನೊಬ್ಬ ಠಾಗೋರ್ ಇದ್ದಾರೆ. ಜೀವನಪೂರ್ತಿ ವಿಜ್ಞಾನಿಗಳ ಜೊತೆ ಸ್ನೇಹ ಮಾಡಿದ, ವಾದವನ್ನೂ ಮಾಡಿದ ಠಾಗೋರ್.

1861ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಈ ಹುಡುಗನಿಗೆ ಶಾಲೆ ಅಂದ್ರೆ ಆಗ್ತಿರಲಿಲ್ಲ. ತಂದೆ ದೇವೇಂದ್ರನಾಥರು ಹಿಮಾಲಯಕ್ಕೆ ಕರ್ಕೊಂಡು ಹೋಗಿ, ರಾತ್ರಿ ನಕ್ಷತ್ರ ತೋರಿಸಿ ಖಗೋಳ ವಿಜ್ಞಾನ ಹೇಳಿಕೊಟ್ಟರು. ಆ ಕುತೂಹಲ ಕೊನೇವರೆಗೂ ಉಳೀತು. ಇಪ್ಪತ್ತೆರಡನೇ ವಯಸ್ಸಿನ ಹೊತ್ತಿಗೆ, ಅಣ್ಣ ನ್ಯಾಯಾಧೀಶರಾಗಿದ್ದ ನಮ್ಮ ಕಾರವಾರಕ್ಕೂ ಬಂದಿದ್ದರು. ಜಗತ್ತು ಬೇಡ ಅಂತ ಹೊರಟ ಸನ್ಯಾಸಿಯೊಬ್ಬ ಪುಟ್ಟ ಹುಡುಗಿಯ ಪ್ರೀತಿಯಿಂದ ಮತ್ತೆ ಮನುಷ್ಯರ ಕಡೆ ತಿರುಗುವ ನಾಟಕವನ್ನು ಅಲ್ಲೇ ಬರೆದರು.

ವಿಜ್ಞಾನಿ ಜಗದೀಶ ಚಂದ್ರ ಬೋಸ್ ಅವರ ಆಪ್ತ ಗೆಳೆಯ. ಇಂಗ್ಲೆಂಡಿನಲ್ಲಿ ಬೋಸರ ಸಂಶೋಧನೆಗೆ ದುಡ್ಡು ಬೇಕಾದಾಗ ಠಾಗೋರರೇ ತ್ರಿಪುರಾದ ಮಹಾರಾಜರನ್ನು ಕೇಳಿ ಕೊಡಿಸಿದರು. ಮಗ ರಥೀಂದ್ರನಾಥನನ್ನು ಅಮೆರಿಕಕ್ಕೆ ಕಳಿಸಿದ್ದು ಕೃಷಿ ವಿಜ್ಞಾನ ಓದೋಕೆ. ಅಂದ್ರೆ ಇವರು ವಿಜ್ಞಾನದ ವಿರೋಧಿ ಅಲ್ಲವೇ ಅಲ್ಲ.

ಹಾಗಿದ್ದೂ 1922ರಲ್ಲಿ ಅವರು ಬರೆದ 'ಮುಕ್ತಧಾರಾ' ನಾಟಕ ನಮ್ಮಂಥವರಿಗೆ ಚುಚ್ಚುತ್ತೆ. ಅದರಲ್ಲಿ ವಿಭೂತಿ ಅನ್ನೋ ಎಂಜಿನಿಯರ್ ದೊಡ್ಡ ಅಣೆಕಟ್ಟು ಕಟ್ಟಿ, ಕೆಳಗಿನ ಜನರ ನೀರನ್ನೇ ತಡೀತಾನೆ. ಆ ಕೆಲಸಕ್ಕೆ ಹೋಗಿ ವಾಪಸ್ ಬರದ ಮಗನನ್ನು ಹುಡುಕುತ್ತಾ ಒಬ್ಬ ತಾಯಿ ಅಲೀತಾಳೆ. ಕೊನೆಗೆ ರಾಜಕುಮಾರ ಅಭಿಜಿತ್ ಅಣೆಕಟ್ಟನ್ನು ಒಡೆದು ಅದೇ ನೀರಲ್ಲಿ ಕೊಚ್ಚಿಹೋಗ್ತಾನೆ. ವಿಭೂತಿಯ ಲೆಕ್ಕದಲ್ಲಿ ಆ ತಾಯಿಗೆ ಜಾಗವೇ ಇರಲಿಲ್ಲ.

1930ರ ಜುಲೈ 14ರಂದು ಬರ್ಲಿನ್ ಹತ್ತಿರದ ಕಾಪುತ್‌ನಲ್ಲಿ ಐನ್‌ಸ್ಟೈನ್ ಮನೆಗೆ ಹೋದಾಗಲೂ ಅವರದ್ದು ಮನುಷ್ಯನದ್ದೇ ಚಿಂತೆ. ಮನುಷ್ಯರೇ ಇಲ್ಲದಿದ್ದರೂ ಸತ್ಯ ಇರುತ್ತೆ, ಪೈಥಾಗೊರಸ್ ಪ್ರಮೇಯ ಇರುತ್ತೆ ಅಂತ ಐನ್‌ಸ್ಟೈನ್ ನಂಬಿಕೆ. ಮನುಷ್ಯನ ಅರಿವಿಗೆ ಸಂಬಂಧವೇ ಇಲ್ಲದ ಸತ್ಯ ನಮಗೆ ಇಲ್ಲದ ಹಾಗೇ ಅಂತ ಠಾಗೋರ್ ವಾದ. ಇಬ್ಬರೂ ಒಪ್ಪಲಿಲ್ಲ, ಜಗಳವೂ ಆಗಲಿಲ್ಲ. ಮುಂದಿನ ತಿಂಗಳು ಮತ್ತೆ ಸೇರಿ ಸಂಗೀತದ ಬಗ್ಗೆ ಮಾತಾಡಿದರು.

ಇಲ್ಲಿಗೆ ಠಾಗೋರ್ ವಿಜ್ಞಾನಕ್ಕಿಂತ ಭಾವನೆಯ ಕಡೆ ಅಂತ ತೀರ್ಮಾನ ಮಾಡಿದ್ರೆ ತಪ್ಪು. 1934ರಲ್ಲಿ ಬಿಹಾರದಲ್ಲಿ ಭೂಕಂಪ ಆಯ್ತು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರ ಶಿಕ್ಷೆ ಅಂತ ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಠಾಗೋರರೂ ವಿರೋಧಿಸುತ್ತಿದ್ದರು, ಗಾಂಧೀಜಿ ಮೇಲೆ ಅಪಾರ ಗೌರವ ಬೇರೆ. ಆದರೂ ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕು ಅಂತ ಬಹಿರಂಗವಾಗಿ ವಿರೋಧಿಸಿದರು. ಐನ್‌ಸ್ಟೈನ್ ಮುಂದೆ ಮನುಷ್ಯನ ಪರ ನಿಂತವರು ಗಾಂಧೀಜಿ ಮುಂದೆ ಪ್ರಕೃತಿಯ ನಿಯಮದ ಪರ ನಿಂತರು. ನಮಗೆ ಇವೆರಡೂ ಬೇರೆ ಅನ್ನಿಸಲ್ಲ. ಸತ್ತವರನ್ನು ಪಾಪಿಗಳು ಅಂತ ಕರೆಯದೇ ಇರೋಕೆ ವಿಜ್ಞಾನ ಬೇಕು. ಅಣೆಕಟ್ಟಿನ ಲೆಕ್ಕದಲ್ಲಿ ಆ ತಾಯಿಯನ್ನು ಮರೆಯದೇ ಇರೋಕೆ ಕವಿ ಬೇಕು.

1937ರಲ್ಲಿ, ಎಪ್ಪತ್ತಾರರ ವಯಸ್ಸಲ್ಲಿ, ಅವರು ಪರಮಾಣುವಿನಿಂದ ನಕ್ಷತ್ರಲೋಕದವರೆಗೆ ವಿವರಿಸುವ 'ವಿಶ್ವಪರಿಚಯ' ಬರೆದು ಸತ್ಯೇಂದ್ರನಾಥ ಬೋಸರಿಗೆ ಅರ್ಪಿಸಿದರು. ಬೋಸಾನ್ ಕಣಗಳ ಹೆಸರು ಬಂದಿದ್ದು ಇದೇ ಬೋಸರಿಂದ. 1941ರ ಆಗಸ್ಟ್ 7ರಂದು, ಮಹಾಯುದ್ಧ ನಡೀತಿರುವಾಗಲೇ ಠಾಗೋರ್ ತೀರಿಕೊಂಡರು.

ನಾಳೆ ನಾವೂ ಅಣೆಕಟ್ಟು ಕಟ್ತೀವಿ, ಕೋಡ್ ಬರೀತೀವಿ. ನೀರು ಎಷ್ಟು ನಿಲ್ಲುತ್ತೆ ಅಂತ ಸಿಲಬಸ್ ಕಲಿಸುತ್ತೆ. ಅದು ಯಾರಿಗೆ ಸಿಗದೇ ಹೋಗುತ್ತೆ ಅಂತ ನಾವೇ ಕೇಳ್ಕೋಬೇಕು.