ಹಸಿದವರೊಡನೆ ಹಸಿದ ಖಲೀಫ



ಖಲೀಫ ಉಮರ್(ರ) ಅವರು ಹಿಟ್ಟಿನ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಸಾಗಿದ ಘಟನೆಯನ್ನು ನೀವೆಲ್ಲರೂ ಕೇಳಿದ್ದೀರಿ. ಮದ್ರಸಾದ ಪುಟ್ಟ ಮಕ್ಕಳಿಗೂ ಅದು ಗೊತ್ತು. ಆದರೆ ಅದೇ ಖಲೀಫರು ಬರಗಾಲದಲ್ಲಿ ಮದೀನಕ್ಕೆ ಬಂದ ಸಾವಿರಾರು ನಿರಾಶ್ರಿತರನ್ನು ಎಣಿಸಿ, ಅವರಲ್ಲಿ ರೋಗಿಗಳೆಷ್ಟು, ಮಕ್ಕಳೆಷ್ಟು ಎಂದು ವಿಚಾರಿಸಿ, ತಿಂಗಳುಗಟ್ಟಲೆ ಊಟ ಹಾಕಿಸಿದ ವಿಷಯ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ಮೂಟೆ ಹೊತ್ತ ಉಮರ್(ರ) ನಮ್ಮ ಕಣ್ಣಲ್ಲಿ ನೀರು ತರಿಸುತ್ತಾರೆ. ಲೆಕ್ಕ ಇಟ್ಟ ಉಮರ್(ರ) ನಮಗೆ ಪಾಠ ಕಲಿಸುತ್ತಾರೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಆ ಬದುಕು ನಮಗೆ ಅರ್ಥವಾಗುತ್ತದೆ.

ಒಂಟೆ ಕಾಯುತ್ತಿದ್ದ ಹುಡುಗ

ಉಮರ್(ರ) ಅವರು ಮಕ್ಕಾದ ಕುರೈಶ್ ಗೋತ್ರದ ಬನೂ ಅದೀ ಮನೆತನದಲ್ಲಿ ಖತ್ತಾಬ್ ಎಂಬವರ ಮಗನಾಗಿ ಹುಟ್ಟಿದರು. ತಂದೆ ಕಠಿಣ ಸ್ವಭಾವದವರು. ಬಾಲಕ ಉಮರ್ ತಂದೆಯ ಒಂಟೆಗಳನ್ನು ಕಾಯಬೇಕಿತ್ತು. ಮುಂದೆ ಖಲೀಫರಾದ ಮೇಲೆ ಮಕ್ಕಾದ ಬಳಿಯ ಆ ಹುಲ್ಲುಗಾವಲನ್ನು ದಾಟುವಾಗ ತಾನು ಇಲ್ಲಿ ಒಂಟೆ ಕಾಯುತ್ತಿದ್ದವನು ಎಂದು ಜೊತೆಗಿದ್ದವರಿಗೆ ಹೇಳಿಕೊಂಡರು. ಬಿಸಿಲು, ದಣಿವು, ಹಸಿವು ಅವರಿಗೆ ಕೇಳಿ ತಿಳಿದ ಸಂಗತಿಗಳಾಗಿರಲಿಲ್ಲ.

ಯೌವನದಲ್ಲಿ ಅವರು ಇಸ್ಲಾಮಿನ ಕಟು ವಿರೋಧಿಯಾಗಿದ್ದುದು, ತಂಗಿಯ ಮನೆಯಲ್ಲಿ ಕುರ್‌ಆನ್ ಕೇಳಿ ಮನಸ್ಸು ಕರಗಿ ಸತ್ಯವಿಶ್ವಾಸ ಸ್ವೀಕರಿಸಿದ್ದು, ಮದೀನಕ್ಕೆ ಹಿಜ್‌ರತ್ ಮಾಡಿದ್ದು ನಿಮಗೆ ತಿಳಿದೇ ಇದೆ. ಹಿಜರಿ 13ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ, ಹಝ್ರತ್ ಅಬೂಬಕರ್(ರ) ಅವರ ನಂತರ ಅವರು ಎರಡನೆಯ ಖಲೀಫರಾದರು. ಮುಂದಿನ ಹತ್ತು ವರ್ಷಗಳಲ್ಲಿ ಸಿರಿಯಾ, ಇರಾಕ್, ಈಜಿಪ್ಟ್ ಅವರ ಆಡಳಿತಕ್ಕೆ ಬಂದವು. ಆದರೆ ಅವರನ್ನು ನಿಜವಾಗಿ ಪರೀಕ್ಷಿಸಿದ್ದು ಯುದ್ಧಗಳಲ್ಲ. ಹಿಜರಿ 18ರ ಬರಗಾಲ ಮತ್ತು ಆ ಕಾಲದಲ್ಲೇ ಬಂದ ಪ್ಲೇಗ್ ಅವರನ್ನು ಪರೀಕ್ಷಿಸಿದವು.

ಬೂದಿಯ ವರ್ಷ

ಕ್ರಿ.ಶ. 639ರ ಸುಮಾರಿಗೆ ಹಿಜಾಝ್ ಪ್ರದೇಶದಲ್ಲಿ ಮಳೆ ನಿಂತುಹೋಯಿತು. ನೆಲ ಸುಟ್ಟು ಕಪ್ಪಾಯಿತು. ಗಾಳಿ ಬೀಸಿದರೆ ಮಣ್ಣು ಬೂದಿಯಂತೆ ಹಾರುತ್ತಿತ್ತು. ಆದ್ದರಿಂದಲೇ ಇತಿಹಾಸಕಾರರು ಅದನ್ನು ಆಮುರ್ರಮಾದಃ, ಅಂದರೆ ಬೂದಿಯ ವರ್ಷ ಎಂದು ಕರೆದರು. ಸುಮಾರು ಒಂಬತ್ತು ತಿಂಗಳು ಈ ಸಂಕಟ ಮುಂದುವರಿಯಿತು. ಜಾನುವಾರುಗಳು ಸೊರಗಿ ಎಲುಬಿನ ಗೂಡಾದವು. ಕುರಿಯನ್ನು ಕೊಯ್ದವನು ಅದರಲ್ಲಿ ತಿನ್ನಲು ಏನೂ ಇಲ್ಲವೆಂದು ಬಿಟ್ಟುಬಿಡುತ್ತಿದ್ದನು. ಕಾಡುಮೃಗಗಳು ಕೂಡ ಹಸಿವು ತಾಳದೆ ಜನರ ಬಳಿಗೆ ಬರತೊಡಗಿದವು.

ಮರುಭೂಮಿಯ ಗೋತ್ರಗಳು ಕುಟುಂಬ ಸಮೇತ ಮದೀನದತ್ತ ಹೊರಟವು. ಪಟ್ಟಣದ ಸುತ್ತ ಡೇರೆಗಳು ತುಂಬಿದವು. ಉಮರ್(ರ) ಯಾರನ್ನೂ ಹಿಂದಕ್ಕೆ ಕಳುಹಿಸಲಿಲ್ಲ. ಬೈತುಲ್‌ಮಾಲ್‌ನಲ್ಲಿದ್ದ ಧಾನ್ಯ ಮತ್ತು ಹಣವನ್ನು ಹಂಚಿದರು. ಅದು ಮುಗಿಯುತ್ತ ಬಂದಾಗ ಪ್ರಾಂತಗಳ ಗವರ್ನರರಿಗೆ ಪತ್ರ ಬರೆದು ಸಹಾಯ ಬೇಡಿದರು. ಒಂದು ಮಹಾ ಸಾಮ್ರಾಜ್ಯದ ಒಡೆಯರು ತನ್ನ ಅಧೀನದವರ ಮುಂದೆ ಬಡವರಿಗಾಗಿ ಕೈಯೊಡ್ಡಿದರು. ಅದರಲ್ಲಿ ಅವರಿಗೆ ಯಾವ ಅವಮಾನವೂ ಕಾಣಲಿಲ್ಲ.

ಮೊದಲು ಬಂದು ತಲುಪಿದವರು ಸಿರಿಯಾದ ಹಝ್ರತ್ ಅಬೂ ಉಬೈದಃ(ರ). ಅವರು 4000 ಒಂಟೆಗಳ ಮೇಲೆ ಆಹಾರ ಹೇರಿಕೊಂಡು ತಾವೇ ಬಂದರು. ಮದೀನದ ಸುತ್ತಲಿನವರಿಗೆ ಅದನ್ನು ಹಂಚುವ ಕೆಲಸವನ್ನೂ ಖಲೀಫರು ಅವರಿಗೇ ವಹಿಸಿದರು. ಹಂಚಿ ಮುಗಿದ ಮೇಲೆ 4000 ದಿರ್‌ಹಮ್ ಕೊಡಲು ಮುಂದಾದಾಗ ಅಬೂ ಉಬೈದಃ(ರ) ನಿರಾಕರಿಸಿದರು. ತಾನು ಇದನ್ನು ಮಾಡಿದ್ದು ಅಲ್ಲಾಹನಿಗಾಗಿ, ಇದಕ್ಕೆ ಲೌಕಿಕ ಪ್ರತಿಫಲ ಸೇರಿಸಬೇಡಿರಿ ಎಂದು ಕೇಳಿಕೊಂಡರು. ಪ್ರವಾದಿವರ್ಯರು(ಸ) ಒಮ್ಮೆ ತನಗೂ ಹೀಗೆಯೇ ಹಣ ಕೊಟ್ಟಿದ್ದರು, ತಾನೂ ಹೀಗೆಯೇ ಹೇಳಿದ್ದೆ, ಆದರೆ ಅವರು ಅದನ್ನು ತನ್ನ ಕೈಗೆ ಕೊಟ್ಟೇಬಿಟ್ಟರು ಎಂದು ಉಮರ್(ರ) ನೆನಪಿಸಿದರು. ಬೇಡದೆ ಬಂದುದನ್ನು ಸ್ವೀಕರಿಸುವುದರಲ್ಲಿ ತಪ್ಪಿಲ್ಲ ಎಂದು ತಿಳಿದು ಅಬೂ ಉಬೈದಃ(ರ) ಒಪ್ಪಿದರು. ಬಸರಾದ ಹಝ್ರತ್ ಅಬೂ ಮೂಸಾ(ರ) ಅವರಿಂದಲೂ ನೆರವು ಬಂತು.

ಅಡುಗೆಯ ಹಂಡೆಗಳು ಮತ್ತು ಎಣಿಕೆ

ಈಗ ಆ ವ್ಯವಸ್ಥೆಯನ್ನು ಸ್ವಲ್ಪ ಗಮನವಿಟ್ಟು ನೋಡಿರಿ. ದೊಡ್ಡ ದೊಡ್ಡ ಹಂಡೆಗಳ ಮುಂದೆ ಅಡುಗೆಯವರು ನಸುಕಿಗೆ ಮುನ್ನವೇ ಎದ್ದು ಕೂರುತ್ತಿದ್ದರು. ಮದೀನದ ಒಂದೊಂದು ದಿಕ್ಕಿಗೆ ಒಬ್ಬೊಬ್ಬ ಹೊಣೆಗಾರ ನೇಮಕಗೊಂಡಿದ್ದನು. ಸಂಜೆಯಾದೊಡನೆ ಅವರೆಲ್ಲರೂ ಖಲೀಫರ ಬಳಿ ಸೇರಿ ಆ ದಿನದ ವರದಿ ಒಪ್ಪಿಸಬೇಕಿತ್ತು.

ಒಂದು ರಾತ್ರಿ ಜನರ ಊಟ ಮುಗಿದ ಬಳಿಕ ಉಮರ್(ರ) ಎಣಿಕೆ ಮಾಡಿಸಿದರು. ಊಟಕ್ಕೆ ಬಂದು ಕುಳಿತವರು ಸುಮಾರು 7000. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಬರಲಾಗದವರೆಷ್ಟು ಎಂದು ಎಣಿಸಿರೆಂದು ಆಜ್ಞಾಪಿಸಿದರು. ರೋಗಿಗಳು, ಮಕ್ಕಳು, ಮನೆಮಂದಿ ಸೇರಿ ಅವರ ಸಂಖ್ಯೆ 40,000ದಷ್ಟಿತ್ತು. ಕೆಲವು ದಿನಗಳ ನಂತರ ಮತ್ತೆ ಎಣಿಸಿದಾಗ ಬಂದವರು 10,000ಕ್ಕೂ, ಬರಲಾಗದವರು 50,000ಕ್ಕೂ ಏರಿದ್ದರು. ಇಬ್ನು ಸಅದ್ ಅವರ ಗ್ರಂಥದಲ್ಲಿ ಈ ಅಂಕಿಗಳು ದಾಖಲಾಗಿವೆ.

ಈ ಸಂಖ್ಯೆಗಳನ್ನು ಇನ್ನೊಮ್ಮೆ ಓದಿರಿ. ಸಾಲಿನಲ್ಲಿ ನಿಂತವನಿಗಿಂತ ಸಾಲಿಗೆ ಬರಲಾಗದವರು ಐದು ಪಟ್ಟು ಹೆಚ್ಚು! ಎದ್ದು ನಡೆಯಬಲ್ಲವನು ಹೇಗಾದರೂ ಬಂದು ಕೈಯೊಡ್ಡುತ್ತಾನೆ. ಮಲಗಿದ ಮುದುಕಿ, ಬಾಣಂತಿ, ಜ್ವರದ ಮಗು, ಬೇಡಲು ನಾಚುವ ಮಾನವಂತ ಇವರು ಎಲ್ಲಿದ್ದಾರೆಂದು ನಾವೇ ಹುಡುಕಬೇಕು. ಉಮರ್(ರ) ಹುಡುಕಿದರು.

ಆ ದಿನಗಳಲ್ಲಿ ಸತ್ತವರಿಗೆ ಕಫನ್ ಒದಗಿಸುವ ಹೊಣೆಯನ್ನೂ ಅವರೇ ಹೊತ್ತರು. ಹಸಿವಿನಿಂದ ಕದ್ದವನ ಕೈ ಕಡಿಯುವ ಶಿಕ್ಷೆಯನ್ನು ಆ ವರ್ಷ ಜಾರಿಗೊಳಿಸಲಿಲ್ಲ. ಹೊಟ್ಟೆಗಿಲ್ಲದವನಿಗೆ ಅನ್ನ ಕೊಡಲಾಗದ ಸಮಾಜಕ್ಕೆ ಅವನನ್ನು ಶಿಕ್ಷಿಸುವ ನೈತಿಕ ಹಕ್ಕೆಲ್ಲಿದೆ? ಬರಪೀಡಿತರಿಂದ ಝಕಾತ್ ವಸೂಲಿಯನ್ನೂ ಮುಂದೂಡಿದರು. ಮಳೆ ಬಂದು ಜನರು ಚೇತರಿಸಿಕೊಂಡ ಮೇಲೆ ಎರಡು ವರ್ಷದ ಝಕಾತ್ ಪಡೆದು, ಅದರಲ್ಲಿ ಒಂದು ವರ್ಷದ್ದನ್ನು ಅಲ್ಲಿಯ ಬಡವರಿಗೇ ಹಂಚಿ ಬರಲು ಅಧಿಕಾರಿಗಳಿಗೆ ಆಜ್ಞಾಪಿಸಿದರು.

ತುಪ್ಪ ಮುಟ್ಟದ ಕೈ

ಜನರಿಗೆ ತುಪ್ಪ, ಹಾಲು, ಮಾಂಸ ಸಿಗುವ ತನಕ ತಾನೂ ಅವುಗಳನ್ನು ಮುಟ್ಟುವುದಿಲ್ಲ ಎಂದು ಉಮರ್(ರ) ನಿರ್ಧರಿಸಿದರು. ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ ತಿಂದರು. ಒಮ್ಮೆ ಸೇವಕನು 40 ದಿರ್‌ಹಮ್ ಕೊಟ್ಟು ತುಪ್ಪ ಮತ್ತು ಹಾಲನ್ನು ಕೊಂಡು ತಂದಾಗ ಎರಡನ್ನೂ ದಾನ ಮಾಡಿಸಿದರು. ಜನರಿಗಾದ ಕಷ್ಟ ತನಗೂ ಆಗದಿದ್ದರೆ ಅವರ ಸ್ಥಿತಿ ತನಗೆ ತಿಳಿಯುವುದು ಹೇಗೆ ಎಂಬುದು ಅವರ ನಿಲುವಾಗಿತ್ತು. ಇನ್ನೊಮ್ಮೆ ಜನರಿಗಾಗಿ ಒಂಟೆ ಕೊಯ್ದಾಗ ಅದರ ಅತ್ಯುತ್ತಮ ಭಾಗಗಳನ್ನು ಅವರ ಮುಂದೆ ತಂದಿಟ್ಟರು. ಒಳ್ಳೆಯದನ್ನು ತಾನು ತಿಂದು ಎಲುಬನ್ನು ಜನರಿಗೆ ಕೊಟ್ಟರೆ ತಾನೆಂಥ ಕೆಟ್ಟ ಆಡಳಿತಗಾರ ಎಂದು ಆ ಬಟ್ಟಲನ್ನು ಸರಿಸಿದರು. ಮೂರು ದಿನಗಳಿಂದ ತಾನು ಹೋಗಿ ವಿಚಾರಿಸಲಾಗದ ಒಂದು ಮನೆಯವರಿಗೆ ರೊಟ್ಟಿಯನ್ನು ಕಳುಹಿಸಿಕೊಟ್ಟರು. ತನ್ನ ಮನೆಯ ಮಗುವಿನ ಕೈಯಲ್ಲಿ ಕಲ್ಲಂಗಡಿ ಕಂಡಾಗಲೂ ಅವರಿಗೆ ಸಹಿಸಲಾಗಲಿಲ್ಲ. ಸಮುದಾಯ ಬಡಕಲಾಗುತ್ತಿರುವಾಗ ಖಲೀಫನ ಮನೆಯಲ್ಲಿ ಹಣ್ಣು ತಿನ್ನುವುದೇ ಎಂದು ಗದರಿದರು.

ಬಿಳಿ ಮೈಬಣ್ಣದ ಅವರು ಕಪ್ಪಾದರು. ಬರಗಾಲ ಇನ್ನಷ್ಟು ದಿನ ಮುಂದುವರಿದರೆ ಚಿಂತೆಯಿಂದಲೇ ಉಮರ್(ರ) ಸಾಯುವರೇನೋ ಎಂದು ಸಂಗಾತಿಗಳು ಹೆದರಿದರು. ರಾತ್ರಿಯೆಲ್ಲ ನಮಾಝ್‌ನಲ್ಲಿ ನಿಂತು, ತನ್ನ ಕೈಯಲ್ಲಿ ಈ ಸಮುದಾಯ ನಾಶವಾಗದಿರಲಿ ಎಂದು ಅವರು ಅಲ್ಲಾಹನಲ್ಲಿ ಬೇಡುತ್ತಿದ್ದರು. ಕೊನೆಗೆ ಜನರನ್ನು ಸೇರಿಸಿ, ಪ್ರವಾದಿವರ್ಯರ(ಸ) ಚಿಕ್ಕಪ್ಪ ಹಝ್ರತ್ ಅಬ್ಬಾಸ್(ರ) ಅವರನ್ನು ಮುಂದಿರಿಸಿಕೊಂಡು ಮಳೆಗಾಗಿ ಪ್ರಾರ್ಥಿಸಿದರು. ಅಲ್ಲಾಹನು ಮಳೆ ಸುರಿಸಿದನು. ನಿರಾಶ್ರಿತರು ಊರಿಗೆ ಮರಳುವಾಗ ಅವರಿಗೆ ದಾರಿಯ ಬುತ್ತಿಯನ್ನೂ ಸವಾರಿಯನ್ನೂ ಕೊಟ್ಟು ಬೀಳ್ಕೊಟ್ಟರು. ಪರಿಹಾರ ಕಾರ್ಯ ಮುಗಿದದ್ದು ಮಳೆ ಬಂದ ದಿನವಲ್ಲ, ಅವರು ಮನೆಯ ದಾರಿ ಹಿಡಿದ ದಿನ.

ಪ್ಲೇಗ್ ಬಂದಾಗ

ಇದೇ ಕಾಲದಲ್ಲಿ ಪ್ಯಾಲೆಸ್ತೀನಿನ ಅಮ್‌ವಾಸ್ ಎಂಬಲ್ಲಿ ಪ್ಲೇಗ್ ಕಾಣಿಸಿಕೊಂಡು ಸಿರಿಯಾದೆಲ್ಲೆಡೆ ಹರಡಿತು. ಸಿರಿಯಾಕ್ಕೆ ಹೊರಟಿದ್ದ ಉಮರ್(ರ) ಹಿಜಾಝ್‌ನ ಗಡಿಯ ಸರ್ಗ್ ಎಂಬಲ್ಲಿ ತಲುಪಿದಾಗ ಅಲ್ಲಿಯ ಸೇನಾಪತಿಗಳು ಈ ಸುದ್ದಿ ತಂದರು. ಮುಂದುವರಿಯಬೇಕೇ, ಹಿಂದಿರುಗಬೇಕೇ? ಅವರು ಮೊದಲು ಮುಹಾಜಿರ್‌ಗಳನ್ನು, ಬಳಿಕ ಅನ್ಸಾರ್‌ಗಳನ್ನು, ಆಮೇಲೆ ಕುರೈಶಿನ ಹಿರಿಯರನ್ನು ಕರೆದು ವಿಚಾರಿಸಿದರು. ಮೊದಲೆರಡು ಗುಂಪಿನಲ್ಲಿ ಭಿನ್ನಾಭಿಪ್ರಾಯವಿತ್ತು. ಹಿರಿಯರು ಮಾತ್ರ ಹಿಂದಿರುಗುವುದೇ ಸರಿ ಎಂದು ಒಮ್ಮತದಿಂದ ಹೇಳಿದರು.

ಖಲೀಫರು ಮರಳಲು ನಿರ್ಧರಿಸಿದಾಗ ಅಬೂ ಉಬೈದಃ(ರ) ಆಕ್ಷೇಪಿಸಿದರು. ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಕೇಳಿದರು. ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೆ ಹೋಗುವುದಷ್ಟೇ ಎಂದು ಉಮರ್(ರ) ಉತ್ತರಿಸಿದರು. ಒಂಟೆ ಕಾಯುತ್ತಿದ್ದ ಹುಡುಗನ ಅನುಭವ ಇಲ್ಲಿ ಮಾತಾಡಿತು. ಕಣಿವೆಯ ಒಂದು ಬದಿ ಹಸಿರಾಗಿ, ಇನ್ನೊಂದು ಬದಿ ಬರಡಾಗಿದ್ದರೆ ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಎಂದು ಅವರು ಉದಾಹರಣೆ ಕೊಟ್ಟರು. ಅಷ್ಟರಲ್ಲಿ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಸಾಂಕ್ರಾಮಿಕವಿರುವ ನಾಡಿಗೆ ಹೋಗಬಾರದು, ತಾವಿರುವ ನಾಡಿನಲ್ಲಿ ಅದು ಬಂದರೆ ಓಡಿಹೋಗಬಾರದು ಎಂಬ ಪ್ರವಾದಿ ವಚನವನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಮದೀನಕ್ಕೆ ಮರಳಿದರು.

2020ರಲ್ಲಿ ಕೊರೋನಾ ಬಂದು ಮಸೀದಿಗಳ ಬಾಗಿಲು ಮುಚ್ಚಿದಾಗ ತವಕ್ಕುಲ್ ಎಲ್ಲಿ ಹೋಯಿತು ಎಂದು ಕೇಳಿದವರು ನಮ್ಮಲ್ಲೂ ಇದ್ದರು. ಅವರಿಗೆ ಸರ್ಗ್‌ನ ಈ ಸಮಾಲೋಚನೆಯಲ್ಲಿ ಉತ್ತರವಿದೆ. ಎಚ್ಚರಿಕೆ ವಹಿಸುವುದು ವಿಶ್ವಾಸಕ್ಕೆ ವಿರುದ್ಧವಲ್ಲ.

ಆದರೆ ಉಮರ್(ರ) ಮರಳಿದ್ದು ಸಿರಿಯಾದ ಜನರನ್ನು ಕೈಬಿಟ್ಟಲ್ಲ. ಜನರನ್ನು ತಗ್ಗಿನ ಪ್ರದೇಶದಿಂದ ಎತ್ತರದ, ಒಳ್ಳೆಯ ಗಾಳಿಯಿರುವ ಜಾಗಕ್ಕೆ ಸಾಗಿಸಲು ಪತ್ರ ಬರೆದರು. ಅಬೂ ಉಬೈದಃ(ರ) ಅವರನ್ನು ಮದೀನಕ್ಕೆ ಕರೆಸಿಕೊಳ್ಳಲು ಪ್ರಯತ್ನಿಸಿದರು. ತನ್ನ ಸೈನಿಕರನ್ನು ಬಿಟ್ಟು ತಾನೊಬ್ಬನೇ ಪಾರಾಗಲು ಅವರು ಒಪ್ಪಲಿಲ್ಲ. ಬರಗಾಲದಲ್ಲಿ ಮದೀನಕ್ಕೆ ಅನ್ನ ತಂದ ಆ ಮಹನೀಯರು ಪ್ಲೇಗಿಗೆ ಬಲಿಯಾದರು. ಅವರ ನಂತರ ಹೊಣೆ ಹೊತ್ತ ಹಝ್ರತ್ ಮುಆದ್ ಬಿನ್ ಜಬಲ್(ರ) ಕೂಡ ತೀರಿಕೊಂಡರು. ಬಳಿಕ ಹಝ್ರತ್ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳಲ್ಲಿ ಚದುರಿಸಿದರು. ಖಲೀಫರು ಅದನ್ನು ತಪ್ಪೆನ್ನಲಿಲ್ಲ. ಸತ್ತವರು ಸುಮಾರು 25,000 ಎಂದು ಇತಿಹಾಸಕಾರರು ಬರೆದಿದ್ದಾರೆ. ರೋಗ ಇಳಿದ ಮೇಲೆ ಉಮರ್(ರ) ಸ್ವತಃ ಸಿರಿಯಾಕ್ಕೆ ಹೋಗಿ, ಸತ್ತವರ ಆಸ್ತಿಯನ್ನು ವಾರಸುದಾರರಿಗೆ ತಲುಪಿಸಿ, ಕುಸಿದ ಆಡಳಿತವನ್ನು ಸರಿಪಡಿಸಿದರು.

ಹಕ್ಕು, ಉಪಕಾರವಲ್ಲ

ಸಿರಿಯಾದ ಜಾಬಿಯಾಕ್ಕೆ ಹೋದ ಒಂದು ಸಂದರ್ಭದಲ್ಲಿ ಅವರು ಕುಷ್ಠರೋಗದಿಂದ ನರಳುತ್ತಿದ್ದ ಕೆಲವು ಕ್ರೈಸ್ತರನ್ನು ಕಂಡರು. ಅವರಿಗೆ ಸದಕಾದ ನಿಧಿಯಿಂದ ಕೊಡಲು, ನಿತ್ಯ ಆಹಾರ ಸಿಗುವಂತೆ ಮಾಡಲು ಆಜ್ಞಾಪಿಸಿದರು. ಬೇಡುತ್ತಿದ್ದ ಕುರುಡ ಯಹೂದಿ ವೃದ್ಧನನ್ನು ಮನೆಗೆ ಕರೆತಂದು ಕೈಲಾದುದನ್ನು ಕೊಟ್ಟು, ಬಳಿಕ ಬೈತುಲ್‌ಮಾಲ್‌ನ ಅಧಿಕಾರಿಗೆ ಅವನನ್ನೂ ಅವನಂಥವರನ್ನೂ ನೋಡಿಕೊಳ್ಳಲು ಹೇಳಿದರು. ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆ ಸಿಗುತ್ತದೆಂದು ಒಬ್ಬ ತಾಯಿ ಎಳೆಗೂಸಿಗೆ ಬೇಗನೆ ಹಾಲು ಬಿಡಿಸುತ್ತಿದ್ದುದನ್ನು ಒಂದು ರಾತ್ರಿ ಕಂಡು ಕಂಗಾಲಾದರು. ಮರುದಿನವೇ ನಿಯಮ ಬದಲಾಯಿತು. ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ನಿಗದಿಯಾಯಿತು. ಒಂದು ಮಗುವಿನ ಅಳು ಕೇಳಿ ಅವರು ಆ ಮಗುವಿಗೆ ಮಾತ್ರ ಸಹಾಯ ಮಾಡಿ ಸುಮ್ಮನಾಗಲಿಲ್ಲ ಎಂಬುದನ್ನು ಗಮನಿಸಿರಿ.

ಈಜಿಪ್ಟ್ ಆಡಳಿತಕ್ಕೆ ಬಂದ ಮೇಲೆ ನೈಲ್ ನದಿಯನ್ನು ಕೆಂಪು ಸಮುದ್ರಕ್ಕೆ ಜೋಡಿಸುತ್ತಿದ್ದ, ಹೂಳು ತುಂಬಿದ ಪ್ರಾಚೀನ ಕಾಲುವೆಯನ್ನು ಅಮ್ರ್ ಬಿನ್ ಆಸ್(ರ) ಅವರ ಮೂಲಕ ತೆರವುಗೊಳಿಸಿದರು. ಧಾನ್ಯದ ಹಡಗುಗಳು ಮದೀನದ ಬಂದರು ಜಾರ್‌ಗೆ ಬರತೊಡಗಿದವು. ಬರ ಬಂದಾಗ ಅನ್ನ ಹಾಕಿದವರು, ಮುಂದಿನ ಬರಕ್ಕೆ ಮೊದಲೇ ದಾರಿ ಕಟ್ಟಿದರು. ಕ್ರಿ.ಶ. 644ರಲ್ಲಿ ಫಜ್‌ರ್ ನಮಾಝ್‌ನ ವೇಳೆ ಕೊಲೆಗಡುಕನ ಕಠಾರಿಗೆ ಗುರಿಯಾಗಿ ಅವರು ಹುತಾತ್ಮರಾದಾಗ ಅವರ ಮೇಲೆ ಸಾಲವಿತ್ತು. ಅದನ್ನು ತೀರಿಸುವ ಹೊಣೆಯನ್ನು ಮಗನಿಗೆ ಒಪ್ಪಿಸಿ ಕಣ್ಣು ಮುಚ್ಚಿದರು.

ಸಹೋದರ ಸಹೋದರಿಯರೇ, ಇನ್ನು ನಮ್ಮನ್ನು ನೋಡಿಕೊಳ್ಳೋಣ. ನೆರೆ ಬಂದಾಗ, ಗುಡ್ಡ ಕುಸಿದಾಗ, ರೋಗ ಹರಡಿದಾಗ ನಾವೂ ಕೊಡುತ್ತೇವೆ. ಆದರೆ ಹೇಗೆ ಕೊಡುತ್ತೇವೆ? ನಮಗೆ ಬೇಡವಾದ ಹರಿದ ಬಟ್ಟೆಯನ್ನು ಕಟ್ಟಿ ಕೊಡುತ್ತೇವೆ. ಅಕ್ಕಿಯ ಚೀಲ ಪಡೆಯುವ ವಿಧವೆಯನ್ನು ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಸಾಲಿಗೆ ಬಂದವರಿಗೆ ಹಂಚಿ, ಬರಲಾಗದವರನ್ನು ಮರೆಯುತ್ತೇವೆ. ನೀರು ಇಳಿದ ವಾರಕ್ಕೆ ನಮ್ಮ ಉತ್ಸಾಹವೂ ಇಳಿದಿರುತ್ತದೆ. ಆ ಮನೆಯವರಿಗಾದರೋ ಕಷ್ಟ ಆಗಷ್ಟೇ ಆರಂಭವಾಗಿರುತ್ತದೆ.

ನಿಮ್ಮ ಮೊಹಲ್ಲಾದಲ್ಲಿ ಒಂದು ಪುಸ್ತಕ ಇಟ್ಟು ನೋಡಿರಿ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ದುಡಿಯುವ ಕೈ ಇಲ್ಲ ಎಂಬುದನ್ನು ಕಷ್ಟ ಬರುವ ಮೊದಲೇ ಬರೆದಿಡಿರಿ. ಅದರಲ್ಲಿ ನೆರೆಯ ಹಿಂದೂ, ಕ್ರೈಸ್ತ ಮನೆಗಳೂ ಇರಲಿ. ಕೊಡುವಾಗ ನಿಮ್ಮ ಮನೆಯಲ್ಲಿ ಉಣ್ಣುವುದನ್ನೇ ಕೊಡಿರಿ. ಕೊಟ್ಟವರ ಹೆಸರು ಅಲ್ಲಾಹನಿಗೆ ತಿಳಿದಿದ್ದರೆ ಸಾಕು.

ಮೂಟೆ ಹೊರಲು ಮುಂದಾದ ಸೇವಕ ಅಸ್ಲಮ್‌ರನ್ನು ತಡೆದು, ನಾಳೆ ಅಂತಿಮ ದಿನದಂದು ನನ್ನ ಭಾರವನ್ನು ನೀನು ಹೊರುವೆಯಾ ಎಂದು ಉಮರ್(ರ) ಕೇಳಿದ್ದರು. ಆ ಪ್ರಶ್ನೆ ನಮಗೂ ಇದೆ. ಹಸಿದವರ ಹಕ್ಕನ್ನು ಅರಿತು ನಿಭಾಯಿಸುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.